ವೀರನ ಸ್ವರ್ಗ: ಶಿವಮೊಗ್ಗ ಸೀಮೆಯ ವೀರಗಲ್ಲುಗಳ ಮರಣೋತ್ತರ ಕಲ್ಪನೆ ಮತ್ತು ಅದರ ವ್ಯಾಖ್ಯಾನ

ಶಿವಮೊಗ್ಗ ಜಿಲ್ಲೆಯ ವೀರಗಲ್ಲುಗಳನ್ನು ಆಧುನಿಕ ವಿದ್ವತ್ತು ಮೊದಲು ಗಮನಿಸಿದ್ದು ಶಾಸನಗಳಾಗಿ. ಬಿ.ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಏಳು (1902) ಮತ್ತು ಎಂಟನೆಯ (1904) ಸಂಪುಟಗಳು ಈ ಬರಹಗಳನ್ನು ತಾಲ್ಲೂಕುವಾರು ಅಚ್ಚಿಗೆ ತಂದವು. ಅಂದಿನ ಆಸಕ್ತಿ ರಾಜವಂಶ ಮತ್ತು ಕಾಲನಿರ್ಣಯದಲ್ಲಿತ್ತು. ಸತ್ತವನು ಸೇರಿದ ಲೋಕ ಯಾವುದೆಂಬ ಪ್ರಶ್ನೆ ಹಿಂದುಳಿಯಿತು. ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ (1966) ವೀರಮರಣ, ಆತ್ಮಬಲಿ, ವೇಳೆವಾಳಿ (ಒಡೆಯನೊಡನೆ ಸಾಯುವ ಪ್ರತಿಜ್ಞೆ)ಗಳನ್ನು ಸಮಾಜದ ಮೌಲ್ಯಗಳಾಗಿ ಓದಿತು. ಎಸ್. ಶೆಟ್ಟರ್ ಮತ್ತು ಗುಂಥರ್ ಸೊಂಥೈಮರ್ ಸಂಪಾದಿಸಿದ ಸ್ಮಾರಕಶಿಲೆಗಳ ಗ್ರಂಥ (1982) ಶಿಲ್ಪವನ್ನೂ ಆಚರಣೆಯನ್ನೂ ಒಟ್ಟಿಗೆ ಚರ್ಚೆಗೆ ತಂದಿತು.

ಗಂಗರ ಕಾಲದ ಅನೇಕ ಕಲ್ಲುಗಳಲ್ಲಿ ಕಾಳಗದ ದೃಶ್ಯವೇ ಪ್ರಧಾನ. ಕಲ್ಯಾಣ ಚಾಲುಕ್ಯರ ಹೊತ್ತಿಗೆ ಮೂರು ಪಟ್ಟಿಕೆಗಳ ವಿನ್ಯಾಸ ರೂಢಿಯಾಯಿತು: ಕೆಳಗೆ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಲಿಂಗದ ಸನ್ನಿಧಿ. ಬರಹ ಮಾತ್ರ ಬಹಳ ಕಡೆ ತುರುಗಳನ್ನು ಮರಳಿಸಿ ಸತ್ತವನು ಸುರಲೋಕ ಸೇರಿದನೆಂದಷ್ಟೇ ಹೇಳುತ್ತದೆ. ಹಾಗಾದರೆ ಲಿಂಗದ ಪಟ್ಟಿಕೆ ಹೊಸ ನಂಬಿಕೆಯ ಹುಟ್ಟನ್ನು ಸೂಚಿಸುತ್ತದೆಯೇ?

ಈಜಿಪ್ಟಿನ ಅಧ್ಯಯನ ಇಲ್ಲಿ ಎಚ್ಚರ ಕಲಿಸುತ್ತದೆ. 1881ರಲ್ಲಿ ಗಾಸ್ತೋ ಮಾಸ್ಪೆರೊ ಸಕ್ಕಾರಾದ ಅರಸರ ಗೋರಿಗಳೊಳಗೆ ಕೆತ್ತಿದ ಪಿರಮಿಡ್ ಪಠ್ಯಗಳನ್ನು ಬೆಳಕಿಗೆ ತಂದ ಬಳಿಕ, ಅರಸನೊಬ್ಬನದಾಗಿದ್ದ ಪರಲೋಕ ಮುಂದೆ ಸಾಮಾನ್ಯರಿಗೂ ತೆರೆಯಿತೆಂಬ ವಾದ ಬೆಳೆಯಿತು. ಜೇಮ್ಸ್ ಹೆನ್ರಿ ಬ್ರೆಸ್ಟೆಡ್ 1912ರ ಕೃತಿಯಲ್ಲಿ ಅದಕ್ಕೆ ಬಲ ತುಂಬಿದರು. ಮುಂದೆ ಮಾರ್ಕ್ ಸ್ಮಿತ್, ಹೆರಾಲ್ಡ್ ಹೇಸ್ ಈ ವಾದವನ್ನು ಪ್ರಶ್ನಿಸಿದರು. ಬರಹ ಮೊದಲು ಕಾಣಿಸಿಕೊಂಡ ಕಾಲವೇ ನಂಬಿಕೆ ಹುಟ್ಟಿದ ಕಾಲವಾಗಬೇಕಿಲ್ಲ.

ಈ ತರ್ಕ ನಮ್ಮ ವೀರಗಲ್ಲಿಗೂ ಸಲ್ಲುತ್ತದೆ. ಬಳ್ಳಿಗಾವೆಯ ಕೋಡಿಯಮಠದಂಥ ಕಾಳಾಮುಖ ಶೈವ ಕೇಂದ್ರಗಳ ಏಳಿಗೆ ಮತ್ತು ಶಿಲ್ಪಿಗಳ ರೂಢಿ ಪಟ್ಟಿಕೆಗಳಿಗೆ ರೂಪ ಕೊಟ್ಟಿರಬಹುದು. ಅವುಗಳ ಹಿಂದಿನ ಆಸೆ ಇನ್ನೂ ಹಳೆಯದಿರಬಹುದು. ಜೈನ ಸ್ಮಾರಕಗಳಲ್ಲಿ ಮೇಲಿನ ಸ್ಥಾನ ಜಿನನಿಗೆ ದೊರೆಯುವುದೂ ಇದನ್ನೇ ಬೆಂಬಲಿಸುತ್ತದೆ: ಏರುವ ದಾರಿ ಒಂದೇ, ತಲಪುವ ದೈವ ಬೇರೆ.

ಸತ್ತವನ ಮನೆಯವರಿಗೆ ಕೊಡುತ್ತಿದ್ದ ನೆತ್ತರುಗೊಡಗೆ ಎಂಬ ಭೂದತ್ತಿಯನ್ನೂ ಮರೆಯುವಂತಿಲ್ಲ. ಸ್ವರ್ಗದ ಭರವಸೆಯ ಜೊತೆಗೇ ಭೂಮಿಯ ಆಸರೆಯೂ ಇತ್ತು. ಊರು ತನ್ನ ಋಣವನ್ನು ಎರಡೂ ಲೋಕಗಳಲ್ಲಿ ತೀರಿಸಲು ಬಯಸಿತು. ಆದ್ದರಿಂದ ಬರಹ, ಶಿಲ್ಪ, ದತ್ತಿ, ಕಲ್ಲು ನಿಂತ ಸ್ಥಳ ಇವು ನಾಲ್ಕನ್ನೂ ಒಟ್ಟಿಗೆ ದಾಖಲಿಸುವುದು ಅಗತ್ಯ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ಸಂಶೋಧಕರಿಗೆ ಶಿಕಾರಿಪುರ, ಸೊರಬಗಳ ಕಲ್ಲುಗಳು ದೂರವಲ್ಲ. ಅವು ಹೊಲಗದ್ದೆಗಳಲ್ಲಿ ಸ್ಥಾನ ಕಳೆದುಕೊಳ್ಳುವ ಮೊದಲೇ ಈ ಕೆಲಸ ನಡೆಯಬೇಕು.