ರಾಬರ್ಟ್ ಹೋಮ್: ದಂಡಿನೊಡನೆ ಬಂದ ಚಿತ್ರಕಾರ

ಮೂರನೆಯ ಮೈಸೂರು ಯುದ್ಧದ ಪಾಠ ಓದಿದವರಿಗೆಲ್ಲ ಟಿಪ್ಪು ಸುಲ್ತಾನನ ಇಬ್ಬರು ಮಕ್ಕಳನ್ನು ಇಂಗ್ಲಿಷರಿಗೆ ಒತ್ತೆಯಾಗಿ ಒಪ್ಪಿಸಿದ ಸಂಗತಿ ನೆನಪಿರುತ್ತದೆ. ಆ ಪ್ರಸಂಗದ ಹೆಸರಾಂತ ವರ್ಣಚಿತ್ರವೊಂದನ್ನು ಬರೆದವನು ರಾಬರ್ಟ್ ಹೋಮ್ ಎಂಬ ಇಂಗ್ಲಿಷ್ ಭಾವಚಿತ್ರಕಾರ. ಲಾರ್ಡುಗಳ, ನವಾಬರ ಮುಖ ಬರೆದು ಜೀವನ ಸಾಗಿಸಿದ ಈತನ ಕಸುಬನ್ನು ಸ್ವಲ್ಪ ತಿಳಿದುಕೊಂಡರೆ ಆ ಚಿತ್ರ ಬೇರೆಯಾಗಿ ಕಾಣುತ್ತದೆ.

ಹೋಮ್ ಹುಟ್ಟಿದ್ದು 1752ರಲ್ಲಿ, ಇಂಗ್ಲೆಂಡಿನ ಹಲ್ ಪಟ್ಟಣದಲ್ಲಿ. ತಂದೆ ಸೈನ್ಯದ ಶಸ್ತ್ರವೈದ್ಯ. ಮಗ ಮಾತ್ರ ಕುಂಚ ಹಿಡಿದ. ಆಂಜೆಲಿಕಾ ಕಾಫ್‌ಮನ್ ಎಂಬ ಪ್ರಸಿದ್ಧ ಚಿತ್ರಕಾರ್ತಿಯ ಬಳಿ ಕಲಿತು, ರೋಮ್ ನಗರ ಸುತ್ತಿ, ಡಬ್ಲಿನ್ನಿನಲ್ಲಿ ಹಲವು ವರ್ಷ ಅಲ್ಲಿನ ಸಿರಿವಂತರ ಚಿತ್ರ ಬರೆದ. ಆ ಕಾಲದಲ್ಲಿ ಕ್ಯಾಮೆರಾ ಇರಲಿಲ್ಲ. ತನ್ನ ಮುಖ ಮೊಮ್ಮಕ್ಕಳಿಗೆ ಉಳಿಯಬೇಕೆಂದರೆ ಚಿತ್ರಕಾರನಿಗೆ ಹಣ ಕೊಟ್ಟು ಅವನೆದುರು ಕೂರಬೇಕಿತ್ತು. ಭಾರತದಲ್ಲಿ ಕಂಪನಿಯ ಅಧಿಕಾರಿಗಳ ಕೈಯಲ್ಲಿ ಹಣ ಓಡಾಡುತ್ತಿತ್ತು. 1791ರಲ್ಲಿ ಹೋಮ್ ಮದರಾಸಿನಲ್ಲಿ ಹಡಗಿನಿಂದಿಳಿದ.

ಅದೇ ವರ್ಷ ಲಾರ್ಡ್ ಕಾರ್ನ್‌ವಾಲಿಸನ ದಂಡಿನೊಡನೆ ಮೈಸೂರು ಸೀಮೆಗೆ ಬಂದ. ಬೆಂಗಳೂರು, ಸಾವನದುರ್ಗ, ಶ್ರೀರಂಗಪಟ್ಟಣಗಳನ್ನು ಬರೆದುಕೊಂಡ. ಈ ನೋಟಗಳು 1794ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾದವು. ನಮ್ಮ ಕೋಟೆಗಳು ಆಗ ಹೇಗಿದ್ದವೆಂದು ತಿಳಿಯಲು ಇಂದಿಗೂ ಅವು ಬೇಕಾಗುತ್ತವೆ. ಆ ಮಟ್ಟಿಗೆ ಹೋಮ್‌ನ ಉಪಕಾರ ಒಪ್ಪಲೇಬೇಕು. ಆದರೆ ಬೆಂಗಳೂರು ಪೇಟೆಯ ಮುತ್ತಿಗೆಯ ಕುರಿತು ಅವನು ಬರೆದ ದೊಡ್ಡ ಚಿತ್ರದ ವಿಷಯ ಕರ್ನಲ್ ಮೂರ್‌ಹೌಸ್ ಎಂಬ ಇಂಗ್ಲಿಷ್ ಅಧಿಕಾರಿಯ ಸಾವು. ಆ ದಿನ ಪೇಟೆಯೊಳಗೆ ಸತ್ತ ನಮ್ಮವರೆಷ್ಟೋ!

1792ರಲ್ಲಿ ಶ್ರೀರಂಗಪಟ್ಟಣದ ಒಪ್ಪಂದವಾಯಿತು. ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಜೊತೆಗೆ ಒತ್ತೆಯಾಗಿ ಇಬ್ಬರು ಮಕ್ಕಳು. ಅಬ್ದುಲ್ ಖಾಲಿಕನಿಗೆ ಸುಮಾರು ಹತ್ತು ವರ್ಷ, ಮುಯಿಜುದ್ದೀನನಿಗೆ ಎಂಟು. ನಮ್ಮಲ್ಲಿ ಪ್ರಾಥಮಿಕ ಶಾಲೆಯ ವಯಸ್ಸು. ವಕೀಲ ಗುಲಾಮ್ ಅಲಿ ಖಾನ್ ಅವರನ್ನು ಕಾರ್ನ್‌ವಾಲಿಸನ ಡೇರೆಗೆ ಕರೆತಂದು ಒಪ್ಪಿಸಿದ. ಕಾರ್ನ್‌ವಾಲಿಸ್ ತಲಾ ಒಂದು ಚಿನ್ನದ ಗಡಿಯಾರ ಕೊಟ್ಟ.

ಇದೇ ಪ್ರಸಂಗವನ್ನು ಮಾಥರ್ ಬ್ರೌನ್‌ನಂಥವರು ಭಾರತವನ್ನು ಕಾಣದೆಯೇ ಲಂಡನ್ನಿನಲ್ಲಿ ಕುಳಿತು ಬರೆದರು. ಹೋಮ್ ದಂಡಿನೊಡನೆ ಇದ್ದವನು. ತನ್ನ ಚಿತ್ರದ ಒಂದು ಅಂಚಿನಲ್ಲಿ ತನ್ನನ್ನೂ ಬರೆದುಕೊಂಡಿದ್ದಾನೆ. ಹಾಗಾಗಿ ಅವನ ಚಿತ್ರಕ್ಕೆ ಸಾಕ್ಷಿಯ ಬೆಲೆ ಹೆಚ್ಚು. ಆದರೂ ಆ ಸಾಕ್ಷಿ ಗೆದ್ದವರ ಕಡೆಯದು. ಚಿತ್ರದ ನಡುವೆ ತಂದೆಯಂತೆ ಮಕ್ಕಳನ್ನು ಬರಮಾಡಿಕೊಳ್ಳುವ ಕಾರ್ನ್‌ವಾಲಿಸ್ ಇದ್ದಾನೆ. ಮಕ್ಕಳ ನಿಜವಾದ ತಂದೆ ಅಲ್ಲಿಲ್ಲ, ಇರುವ ಹಾಗೂ ಇರಲಿಲ್ಲ. ಉಳಿದ ಗಣ್ಯರೆಲ್ಲ ತಮ್ಮ ಚಿತ್ರ ಬರೆಸಿಕೊಳ್ಳಲು ತಾವಾಗಿ ಕೂತವರು. ಈ ಇಬ್ಬರನ್ನು ಮಾತ್ರ ಯಾರೂ ಕೇಳಲಿಲ್ಲ.

ಆಮೇಲೆ ಹೋಮ್‌ನ ದೆಸೆ ತೆರೆಯಿತು. 1795ರಲ್ಲಿ ಕಲ್ಕತ್ತೆಗೆ ಹೋದ. 1799ರ ನಂತರ ಶ್ರೀರಂಗಪಟ್ಟಣದಲ್ಲಿ ಅಧಿಕಾರ ನಡೆಸಿದ ಆರ್ಥರ್ ವೆಲ್ಲೆಸ್ಲಿಯೂ 1804ರಲ್ಲಿ ಅವನಿಂದ ಚಿತ್ರ ಬರೆಸಿಕೊಂಡ. 1814ರಲ್ಲಿ ಲಖನೌದ ನವಾಬ ಗಾಜಿಉದ್ದೀನ್ ಹೈದರನ ಆಸ್ಥಾನ ಚಿತ್ರಕಾರನಾದ. ಅಲ್ಲಿ ಬರಿಯ ಮುಖ ಬರೆದರೆ ಸಾಲುತ್ತಿರಲಿಲ್ಲ. ಕಿರೀಟ, ಅಂಬಾರಿ, ದೋಣಿ, ಪೀಠೋಪಕರಣಗಳ ವಿನ್ಯಾಸವನ್ನೂ ಮಾಡಿಕೊಡಬೇಕಿತ್ತು. ಕೊನೆಗೆ ಕಾನ್ಪುರದಲ್ಲಿ ನೆಲೆಸಿ 1834ರಲ್ಲಿ ತೀರಿಕೊಂಡ.

ಆ ಇಬ್ಬರು ಮಕ್ಕಳು 1794ರಲ್ಲಿ ದೇವನಹಳ್ಳಿಯಲ್ಲಿ ಮತ್ತೆ ತಂದೆಯ ಕೈ ಸೇರಿದರು. ಐದೇ ವರ್ಷಕ್ಕೆ ಟಿಪ್ಪು ಮಡಿದ. ಕುಟುಂಬವನ್ನು ವೆಲ್ಲೂರಿನ ಕೋಟೆಯಲ್ಲಿರಿಸಿದರು. 1806ರ ಸಿಪಾಯಿ ದಂಗೆಯ ನಂತರ, ಅಲ್ಲಿಂದಲೂ ಎಬ್ಬಿಸಿ ಕಲ್ಕತ್ತೆಗೆ ಸಾಗಿಸಿದರು. ಹೋಮ್ ಆಗ ಅದೇ ನಗರದಲ್ಲಿ ಗಣ್ಯರ ಭಾವಚಿತ್ರ ಬರೆಯುತ್ತಿದ್ದ.