ಊರಿನ ಆರೋಗ್ಯಕ್ಕೆ ಹೊಣೆ ಯಾರು?

ಕಾಯಿಲೆ ಬಿದ್ದವರಿಗೆ ಔಷಧ ಕೊಡುವುದು ಒಂದು ಕೆಲಸ, ಕಾಯಿಲೆ ಬೀಳದಂತೆ ನೋಡಿಕೊಳ್ಳುವುದು ಇನ್ನೊಂದು. ಇವೆರಡೂ ಒಂದೇ ಇಲಾಖೆಯಲ್ಲಿರಬೇಕೇ? ಅಧಿಕಾರ ರಾಜಧಾನಿಯಲ್ಲಿರಬೇಕೇ, ಜಿಲ್ಲೆಯಲ್ಲಿರಬೇಕೇ? ಕರ್ನಾಟಕದ ಆರೋಗ್ಯಾಡಳಿತದ ಪ್ರತಿ ಮರುಜೋಡಣೆಯೂ ಈ ಎರಡು ಪ್ರಶ್ನೆಗಳಿಗೆ ಆಯಾ ಕಾಲ ಕೊಟ್ಟ ಉತ್ತರ.

1898ರ ಪ್ಲೇಗು ಬೆಂಗಳೂರನ್ನು ತತ್ತರಿಸುವಂತೆ ಮಾಡಿದಾಗ, ಆಸ್ಪತ್ರೆಗಳಷ್ಟೇ ಸಾಲವು, ಚರಂಡಿ, ನೀರು, ಬಡಾವಣೆಗಳೂ ಸರ್ಕಾರದ ಹೊಣೆಯೆಂಬುದು ಮೈಸೂರು ಸಂಸ್ಥಾನಕ್ಕೆ ಮನದಟ್ಟಾಯಿತು. 1929ರಲ್ಲಿ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ ಸಂಸ್ಥಾನವು ಪ್ರತ್ಯೇಕ ಆರೋಗ್ಯ ಇಲಾಖೆಯನ್ನೇ ಕಟ್ಟಿತು. 1930ರ ದಶಕದಲ್ಲಿ ಮಂಡ್ಯ ಮತ್ತು ಇಂದಿನ ರಾಮನಗರದಲ್ಲಿ ಗ್ರಾಮೀಣ ಆರೋಗ್ಯ ಘಟಕಗಳು ಕೆಲಸ ಆರಂಭಿಸಿದವು. ಮಲೇರಿಯಾ ನಿಯಂತ್ರಣ, ತಾಯಿ-ಮಗುವಿನ ಆರೈಕೆ, ನೈರ್ಮಲ್ಯಗಳನ್ನು ಒಂದು ಪ್ರದೇಶದ ಜನರಿಗೆ ಒಟ್ಟಾಗಿ ತಲುಪಿಸುವ ಪ್ರಯೋಗವದು.

1946ರ ಭೋರ್ ಸಮಿತಿ ವರದಿ ಇಂಥ ಆಲೋಚನೆಗೆ ದೇಶವ್ಯಾಪಿ ರೂಪ ಕೊಟ್ಟು, ಮೊದಲ ಹಂತದಲ್ಲಿ 40,000 ಜನರಿಗೊಂದು ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಸೂಚಿಸಿತು. 1956ರ ಏಕೀಕರಣದಲ್ಲಿ ಮುಂಬಯಿ, ಹೈದರಾಬಾದ್, ಮದ್ರಾಸ್, ಕೊಡಗು, ಮೈಸೂರುಗಳ ಆಡಳಿತ ಪದ್ಧತಿಗಳೆಲ್ಲ ಒಂದೇ ಸೂರಿನಡಿ ಬಂದವು. ಮುಂದಿನ ದಶಕದಲ್ಲಿ ವೈದ್ಯಕೀಯ ಮತ್ತು ಸಾರ್ವಜನಿಕ ಆರೋಗ್ಯ ಇಲಾಖೆಗಳೂ ವಿಲೀನವಾದವು. ಒಂದೇ ಕೇಂದ್ರದಲ್ಲಿ ಎಲ್ಲ ಸೇವೆಯೂ ಸಿಗಬೇಕೆಂಬುದು ಸರಿಯಾದ ಆಶಯವೇ. ಆದರೆ ಹೊರರೋಗಿಗಳ ಸಾಲು ವೈದ್ಯರ ಕಣ್ಣೆದುರಿಗಿರುತ್ತದೆ, ತಡೆಗಟ್ಟಿದ ರೋಗ ಯಾರ ಕಣ್ಣಿಗೂ ಬೀಳುವುದಿಲ್ಲ. ಹೀಗಾಗಿ ವಿಲೀನದಲ್ಲಿ ಹಿಂದೆ ಸರಿದದ್ದು ಮುಂಜಾಗ್ರತೆಯ ಕೆಲಸ. ನೆರೆಯ ತಮಿಳುನಾಡು ಬೇರೆ ದಾರಿ ಹಿಡಿಯಿತು. ಮದ್ರಾಸ್ ಪ್ರಾಂತ್ಯದ 1939ರ ಸಾರ್ವಜನಿಕ ಆರೋಗ್ಯ ಕಾಯ್ದೆಯನ್ನೂ ಪ್ರತ್ಯೇಕ ನಿರ್ದೇಶನಾಲಯವನ್ನೂ ಉಳಿಸಿಕೊಂಡು, ರೋಗ ತಡೆಯುವ ಕೆಲಸಕ್ಕೇ ಮೀಸಲಾದ ಅಧಿಕಾರಿ ವೃಂದವನ್ನು ಬೆಳೆಸಿತು.

1973ರ ಕರ್ತಾರ್ ಸಿಂಗ್ ಸಮಿತಿಯ ಶಿಫಾರಸಿನಂತೆ, ಮಲೇರಿಯಾಕ್ಕೊಬ್ಬರು, ಸಿಡುಬಿಗೊಬ್ಬರು ಎಂಬಂತಿದ್ದ ಸಿಬ್ಬಂದಿ ವಿವಿಧೋದ್ದೇಶ ಕಾರ್ಯಕರ್ತರಾದರು. ಮನೆ ಬಾಗಿಲಿಗೆ ಹೋಗುವ, ಜನ ‘ಸಿಸ್ಟರ್’ ಎಂದು ಕರೆಯುವ ಆರೋಗ್ಯ ಸಹಾಯಕಿಯ ಮೇಲೆ ಇಲಾಖೆಯ ಬಹುಪಾಲು ಭಾರ ಬಿದ್ದುದು ಆಗಲೇ.

ಅಧಿಕಾರ ಹಂಚಿಕೆಯ ದಿಟ್ಟ ಹೆಜ್ಜೆ ಬಂದದ್ದು ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬ್ ಅವರ ಕಾಲದಲ್ಲಿ. 1983ರಲ್ಲಿ ರೂಪುಗೊಂಡ ಪಂಚಾಯತ್ ಕಾಯ್ದೆಯಡಿ 1987ರಲ್ಲಿ ಚುನಾವಣೆ ನಡೆದು, ಪ್ರಾಥಮಿಕ ಆರೋಗ್ಯ ಕೇಂದ್ರಗಳು ಜಿಲ್ಲಾ ಪರಿಷತ್ತುಗಳ (ಇಂದಿನ ಜಿಲ್ಲಾ ಪಂಚಾಯಿತಿಗಳ) ಉಸ್ತುವಾರಿಗೆ ಬಂದವು. ಆದರೂ ವೈದ್ಯರ ನೇಮಕ ರಾಜ್ಯದ ಕೈಯಲ್ಲೇ ಉಳಿಯಿತು. ಜಿಲ್ಲಾ ಆರೋಗ್ಯಾಧಿಕಾರಿ ಇಂದಿಗೂ ಒಂದು ಕಡೆ ಜಿಲ್ಲಾ ಪಂಚಾಯಿತಿಗೆ, ಇನ್ನೊಂದು ಕಡೆ ಇಲಾಖೆಗೆ ಉತ್ತರ ಹೇಳಬೇಕು.

ಡಾ. ಎಚ್. ಸುದರ್ಶನ್ ಅಧ್ಯಕ್ಷತೆಯ ರಾಜ್ಯ ಆರೋಗ್ಯ ಕಾರ್ಯಪಡೆ 2001ರ ವರದಿಯಲ್ಲಿ ಈ ಗಂಟುಗಳನ್ನು ಬಿಡಿಸಿಟ್ಟಿತು. ಭ್ರಷ್ಟಾಚಾರ, ಪ್ರಾದೇಶಿಕ ಅಸಮಾನತೆ, ಸಾರ್ವಜನಿಕ ಆರೋಗ್ಯದ ಕಡೆಗಣನೆಗಳನ್ನು ಮುಚ್ಚುಮರೆಯಿಲ್ಲದೆ ಹೆಸರಿಸಿತು. ಮರುವರ್ಷ, ಪ್ರಾದೇಶಿಕ ಅಸಮಾನತೆಯನ್ನು ಅಧ್ಯಯನ ಮಾಡಿದ ನಂಜುಂಡಪ್ಪ ಸಮಿತಿ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿತು. 2005ರ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಆಶಾ ಕಾರ್ಯಕರ್ತೆಯರನ್ನೂ ಆರೋಗ್ಯ ರಕ್ಷಾ ಸಮಿತಿಗಳನ್ನೂ ಆರೋಗ್ಯ ಕೇಂದ್ರದ ಮಟ್ಟದಲ್ಲೇ ಖರ್ಚು ಮಾಡಬಹುದಾದ ಹಣವನ್ನೂ ತಂದಿತು. ಜೊತೆಗೇ ಗುತ್ತಿಗೆ ನೌಕರರ ಇನ್ನೊಂದು ಪದರವೂ ಬೆಳೆಯಿತು.

2017ರ ರಾಷ್ಟ್ರೀಯ ಆರೋಗ್ಯ ನೀತಿ ಎಲ್ಲ ರಾಜ್ಯಗಳಲ್ಲೂ ಸಾರ್ವಜನಿಕ ಆರೋಗ್ಯ ನಿರ್ವಹಣಾ ವೃಂದವಿರಬೇಕೆಂದಿತು. ತಡೆಗಟ್ಟುವ ಕೆಲಸಕ್ಕೆ ತನ್ನದೇ ಜನ ಬೇಕೆಂಬ 1929ರ ತಿಳಿವಳಿಕೆ ಹೊಸ ಹೆಸರಿನಲ್ಲಿ ಮರಳಿ ಬಂದಂತಾಯಿತು. ಹುದ್ದೆಗಳ ಹೆಸರು ಬದಲಿಸಿದ ಮಾತ್ರಕ್ಕೆ ಅದು ಕೈಗೂಡದು. ತಾಲ್ಲೂಕು ಆರೋಗ್ಯಾಧಿಕಾರಿಗೆ ಸಾರ್ವಜನಿಕ ಆರೋಗ್ಯದ ತರಬೇತಿ, ಸಿಬ್ಬಂದಿಯ ಮೇಲೆ ನಿಜವಾದ ಹಿಡಿತ, ಕೈಯಲ್ಲಿ ಹಣ, ಈ ಮೂರೂ ಒಟ್ಟಿಗೆ ಸಿಗಬೇಕು. ಮುಂದಿನ ಮರುಜೋಡಣೆ ಅಲ್ಲಿಂದಲೇ, ಹಿಂದುಳಿದ ತಾಲ್ಲೂಕುಗಳಿಂದಲೇ ಶುರುವಾಗಬೇಕು. ಹಾಗಾದರೆ ಮಾತ್ರ, ಊರಲ್ಲಿ ಡೆಂಗಿ ಹಬ್ಬಿದಾಗ ಯಾರನ್ನು ಕೇಳಬೇಕೆಂದು ಜನರಿಗೆ ಸ್ಪಷ್ಟವಾಗಿ ತಿಳಿಯುತ್ತದೆ, ಕೇಳಿಸಿಕೊಂಡವರಿಗೆ ಏನಾದರೂ ಮಾಡುವ ಶಕ್ತಿಯೂ ಇರುತ್ತದೆ.