ಸಾಕುಪ್ರಾಣಿ ಸಾಮಗ್ರಿಗಳ ಆಮದು

ಸಾಕುಪ್ರಾಣಿ ಸಾಮಗ್ರಿಗಳ ಆಮದು ಎಂದರೆ ನಾಯಿ, ಬೆಕ್ಕು, ಪಂಜರದ ಹಕ್ಕಿ, ಅಕ್ವೇರಿಯಮ್ ಮೀನು ಮೊದಲಾದ ಪ್ರಾಣಿಗಳಿಗೆ ಬೇಕಾದ ಆಹಾರ, ಉಪಕರಣ ಮತ್ತು ಇತರ ವಸ್ತುಗಳನ್ನು ವಿದೇಶಿ ತಯಾರಕರಿಂದ ಖರೀದಿಸಿ, ಸ್ವದೇಶದಲ್ಲಿ ಚಿಲ್ಲರೆ ಮಾರಾಟಕ್ಕಾಗಿ ತರಿಸಿಕೊಳ್ಳುವ ವ್ಯಾಪಾರ. ಈ ವ್ಯಾಪಾರದಲ್ಲಿ ತಯಾರಕನು ಒಂದು ದೇಶದಲ್ಲಿಯೂ ಗ್ರಾಹಕನು ಮತ್ತೊಂದು ದೇಶದಲ್ಲಿಯೂ ಇರುತ್ತಾರೆ. ವಸ್ತುವನ್ನು ಬಳಸುವ ಪ್ರಾಣಿಯು ತನ್ನ ತೊಂದರೆಯನ್ನು ಹೇಳಿಕೊಳ್ಳಲಾರದು. ಆದ್ದರಿಂದ ಸರಕಿನ ಸುರಕ್ಷತೆಯನ್ನು ಖಚಿತಪಡಿಸಿಕೊಳ್ಳುವ ಹೊಣೆಯ ದೊಡ್ಡ ಪಾಲು ಆಮದುದಾರನ ಮೇಲೆ ಬೀಳುತ್ತದೆ. 2007ರಲ್ಲಿ ಉತ್ತರ ಅಮೆರಿಕದಲ್ಲಿ ಸಂಭವಿಸಿದ ಮೆಲಮೈನ್ ಕಲಬೆರಕೆ ಪ್ರಕರಣದ ನಂತರ ಈ ವಿಷಯವು ಹಲವು ದೇಶಗಳ ಗಮನ ಸೆಳೆಯಿತು.

ಹಿನ್ನೆಲೆ

ಸಾಕುಪ್ರಾಣಿಗಳಿಗೆಂದೇ ಕಾರ್ಖಾನೆಯಲ್ಲಿ ಆಹಾರ ತಯಾರಿಸುವ ಪದ್ಧತಿ 19ನೆಯ ಶತಮಾನದ ಮಧ್ಯಭಾಗದಲ್ಲಿ ಇಂಗ್ಲೆಂಡಿನಲ್ಲಿ ಆರಂಭವಾಯಿತು. ಅಮೆರಿಕದ ಜೇಮ್ಸ್ ಸ್ಪ್ರಾಟ್ ಎಂಬವರು 1860ರ ಸುಮಾರಿಗೆ ಲಂಡನ್ನಿನಲ್ಲಿ ನಾಯಿಗಳ ಬಿಸ್ಕತ್ತನ್ನು ಮಾರುಕಟ್ಟೆಗೆ ತಂದರು. ಎರಡನೆಯ ಮಹಾಯುದ್ಧದ ನಂತರ ಒಣ ಆಹಾರ ಮತ್ತು ಡಬ್ಬಿ ಆಹಾರಗಳ ಬಳಕೆ ಅಮೆರಿಕ ಮತ್ತು ಯುರೋಪಿನಲ್ಲಿ ವ್ಯಾಪಕವಾಯಿತು. ಭಾರತದಲ್ಲಿ ಸಾಕುನಾಯಿಗೆ ಮನೆಯ ಅನ್ನ, ಮುದ್ದೆ, ಹಾಲು, ಮಾಂಸದ ತುಣುಕುಗಳನ್ನೇ ಹಾಕುವ ರೂಢಿ ಬಹುಕಾಲ ನಡೆದುಬಂದಿದೆ. ನಗರಗಳಲ್ಲಿ ಪ್ಯಾಕೆಟ್ ಆಹಾರದ ಬಳಕೆ ಹೆಚ್ಚಿದಂತೆ ಆಮದು ಸರಕಿಗೂ ಬೇಡಿಕೆ ಉಂಟಾಗಿದೆ.

ಸರಕುಗಳ ವರ್ಗಗಳು

ಆಮದಾಗುವ ಸರಕುಗಳನ್ನು ಸ್ಥೂಲವಾಗಿ ಎರಡು ಗುಂಪುಗಳಾಗಿ ವಿಂಗಡಿಸಬಹುದು.

ಪ್ರಾಣಿಜನ್ಯ ವಸ್ತುಗಳು: ಮಾಂಸ, ಮೀನು, ಮೂಳೆ, ಚರ್ಮ, ಮೊಟ್ಟೆ ಅಥವಾ ಹಾಲಿನ ಅಂಶವುಳ್ಳ ಆಹಾರ, ಜಗಿಯುವ ತುಂಡುಗಳು ಮತ್ತು ತಿನಿಸುಗಳು ಈ ಗುಂಪಿಗೆ ಸೇರುತ್ತವೆ. ಇವುಗಳ ಮೂಲಕ ರೋಗಾಣುಗಳು ದೇಶವನ್ನು ಪ್ರವೇಶಿಸುವ ಸಾಧ್ಯತೆ ಇರುವುದರಿಂದ ಇವು ಪಶುಆರೋಗ್ಯ ಕಾನೂನುಗಳ ವ್ಯಾಪ್ತಿಗೆ ಒಳಪಡುತ್ತವೆ.

ಇತರ ವಸ್ತುಗಳು: ಕೊರಳಪಟ್ಟಿ, ಲೀಶ್, ಬಾಯಿಕುಕ್ಕೆ, ಪಂಜರ, ಹಾಸಿಗೆ, ಬಟ್ಟಲು, ಬಾಚಣಿಗೆ, ಆಟಿಕೆ, ಅಕ್ವೇರಿಯಮ್ ಪಂಪು ಮೊದಲಾದವು. ಇವುಗಳ ಮೇಲಿನ ನಿಯಂತ್ರಣ ಸಾಮಾನ್ಯ ಸರಕುಗಳಂತೆಯೇ ಇರುತ್ತದೆ.

ಅಂತಾರಾಷ್ಟ್ರೀಯ ಸುಂಕ ವರ್ಗೀಕರಣದಲ್ಲಿ ಚಿಲ್ಲರೆ ಮಾರಾಟಕ್ಕೆ ಕಟ್ಟಿದ ನಾಯಿ ಮತ್ತು ಬೆಕ್ಕಿನ ಆಹಾರಕ್ಕೆ 2309.10 ಎಂಬ ಸಂಖ್ಯೆಯಿದೆ. ಲೀಶ್, ಬಾಯಿಕುಕ್ಕೆ, ನಾಯಿಯ ಮೇಲಂಗಿ ಮೊದಲಾದವು ಯಾವುದೇ ವಸ್ತುವಿನಿಂದ ತಯಾರಾಗಿದ್ದರೂ 4201ನೆಯ ಶೀರ್ಷಿಕೆಯಡಿ ಬರುತ್ತವೆ. ಪ್ರಾಣಿಗಳ ಆಟಿಕೆಗಳನ್ನು ಮಕ್ಕಳ ಆಟಿಕೆಗಳ ಶೀರ್ಷಿಕೆಯಾದ 9503ರಿಂದ ಸ್ಪಷ್ಟವಾಗಿ ಹೊರಗಿಡಲಾಗಿದೆ. ಅವು ರಬ್ಬರ್, ಪ್ಲಾಸ್ಟಿಕ್, ಬಟ್ಟೆ ಎಂದು ತಮ್ಮ ತಮ್ಮ ವಸ್ತುವಿಗೆ ಅನುಗುಣವಾದ ಶೀರ್ಷಿಕೆಗಳಿಗೆ ಸೇರುತ್ತವೆ. ಭಾರತವು 2020ರಲ್ಲಿ ಮಕ್ಕಳ ಆಟಿಕೆಗಳ ಮೇಲಿನ ಮೂಲ ಸುಂಕವನ್ನು ಶೇ. 20ರಿಂದ ಶೇ. 60ಕ್ಕೆ ಏರಿಸಿತು. ಹೀಗೆ ವರ್ಗೀಕರಣದಲ್ಲಿನ ಒಂದು ತಪ್ಪಿನಿಂದ ತೆರಬೇಕಾದ ಸುಂಕವು ಹಲವು ಪಟ್ಟು ಬದಲಾಗಬಲ್ಲದು.

ತಯಾರಿಕಾ ಕೇಂದ್ರಗಳು

ಚೀನಾದ ಝೆಜಿಯಾಂಗ್ ಪ್ರಾಂತ್ಯದ ವೆನ್‌ಝೌ ನಗರಕ್ಕೆ ಸೇರಿದ ಪಿಂಗ್‌ಯಾಂಗ್ ಕೌಂಟಿಯು ಸಾಕುಪ್ರಾಣಿ ಸಾಮಗ್ರಿಗಳ ತಯಾರಿಕೆಗೆ ಹೆಸರಾಗಿದೆ. ಇಲ್ಲಿನ ಚರ್ಮ ಹದಮಾಡುವ ಉದ್ಯಮದಿಂದಲೇ ನಾಯಿಗಳು ಜಗಿಯುವ ಚರ್ಮದ ತುಂಡುಗಳ ಉದ್ಯಮ ಬೆಳೆಯಿತು. ಥಾಯ್ಲೆಂಡ್ ತನ್ನ ಟ್ಯೂನಾ ಮೀನಿನ ಡಬ್ಬಿ ಉದ್ಯಮದ ಬಲದಿಂದ ಬೆಕ್ಕಿನ ಹಸಿ ಆಹಾರದ ಪ್ರಮುಖ ರಫ್ತುದಾರ ದೇಶವಾಗಿದೆ. ಭಾರತವು ಈ ಕ್ಷೇತ್ರದಲ್ಲಿ ಕೇವಲ ಖರೀದಿದಾರ ದೇಶವಲ್ಲ. ಗುಜರಾತಿನ ಕಚ್ಛ್ ಪ್ರದೇಶದ ಬೆಂಟೊನೈಟ್ ಜೇಡಿಮಣ್ಣಿನಿಂದ ತಯಾರಾದ, ಬೆಕ್ಕುಗಳ ಶೌಚಕ್ಕೆ ಬಳಸುವ ಹರಳು ವಿದೇಶಗಳಿಗೆ ರಫ್ತಾಗುತ್ತದೆ.

ವರ್ತಕರು ತಯಾರಕರನ್ನು ಭೇಟಿಯಾಗುವ ಮುಖ್ಯ ವೇದಿಕೆಗಳು ವ್ಯಾಪಾರ ಮೇಳಗಳು. ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ ಎರಡು ವರ್ಷಗಳಿಗೊಮ್ಮೆ ನಡೆಯುವ ಇಂಟರ್‌ಝೂ ಈ ಕ್ಷೇತ್ರಕ್ಕೇ ಮೀಸಲಾದ ಮೇಳ. ಚೀನಾದ ಗುವಾಂಗ್‌ಝೌ ನಗರದಲ್ಲಿ 1957ರಿಂದ ನಡೆಯುತ್ತಿರುವ ಕ್ಯಾಂಟನ್ ಮೇಳದಲ್ಲಿಯೂ ಸಾಕುಪ್ರಾಣಿ ಸಾಮಗ್ರಿಗಳ ವಿಭಾಗವಿದೆ.

ಆಮದಿನ ಹಂತಗಳು

ಮೊದಲು ವರ್ತಕನು ಮಾದರಿಗಳನ್ನು ತರಿಸಿ ಪರೀಕ್ಷಿಸುತ್ತಾನೆ. ಕಾರ್ಖಾನೆಗಳು ಸಾಮಾನ್ಯವಾಗಿ ಒಂದು ಕನಿಷ್ಠ ಪ್ರಮಾಣಕ್ಕಿಂತ ಕಡಿಮೆ ಸರಕನ್ನು ಪೂರೈಸುವುದಿಲ್ಲ. ಸಣ್ಣ ಅಂಗಡಿಗಳಿಗೆ ಇದೇ ಮೊದಲ ತೊಡಕು. ಬೆಲೆ ನಿಗದಿಯಾದ ಮೇಲೆ ಸಾಗಣೆ, ವಿಮೆ ಮತ್ತು ನಷ್ಟದ ಹೊಣೆ ಯಾವ ಸ್ಥಳದಲ್ಲಿ ಮಾರಾಟಗಾರನಿಂದ ಖರೀದಿದಾರನಿಗೆ ವರ್ಗವಾಗುತ್ತದೆ ಎಂಬುದನ್ನು ಒಪ್ಪಂದದಲ್ಲಿ ನಮೂದಿಸಲಾಗುತ್ತದೆ. ಇದಕ್ಕಾಗಿ ಅಂತಾರಾಷ್ಟ್ರೀಯ ವಾಣಿಜ್ಯ ಮಂಡಳಿಯು 1936ರಲ್ಲಿ ಮೊದಲು ಪ್ರಕಟಿಸಿದ, 2020ರಲ್ಲಿ ಪರಿಷ್ಕೃತಗೊಂಡು ಜಾರಿಗೆ ಬಂದ ಇನ್‌ಕೋಟರ್ಮ್ಸ್ ನಿಯಮಗಳನ್ನು ಬಳಸಲಾಗುತ್ತದೆ.

ಹಣ ಪಾವತಿಯು ಮುಂಗಡ ಮತ್ತು ಬಾಕಿ ಎಂಬ ಎರಡು ಕಂತುಗಳಲ್ಲಿ ಅಥವಾ ಬ್ಯಾಂಕಿನ ಸಾಖಪತ್ರದ ಮೂಲಕ ನಡೆಯುತ್ತದೆ. ಸಾಖಪತ್ರದ ವ್ಯವಹಾರದಲ್ಲಿ ಬ್ಯಾಂಕು ಪರಿಶೀಲಿಸುವುದು ದಾಖಲೆಗಳನ್ನು ಮಾತ್ರ, ಸರಕನ್ನಲ್ಲ. ಆದುದರಿಂದ ಸರಕನ್ನು ಹಡಗಿಗೆ ಏರಿಸುವ ಮೊದಲು ಸ್ವತಂತ್ರ ಸಂಸ್ಥೆಯಿಂದ ತಪಾಸಣೆ ಮಾಡಿಸುವ ರೂಢಿಯಿದೆ. 20 ಅಡಿಯ ಕಂಟೇನರಿನಲ್ಲಿ ಸುಮಾರು 33 ಘನ ಮೀಟರ್ ಸ್ಥಳವಿರುತ್ತದೆ. ಇಡೀ ಕಂಟೇನರು ತುಂಬದಿದ್ದರೆ ಇತರರ ಸರಕಿನೊಂದಿಗೆ ಹಂಚಿಕೊಂಡು ಕಳುಹಿಸಬಹುದು. ಹಾಸಿಗೆ, ಪಂಜರಗಳಂತಹ ಹಗುರವಾದರೂ ಹೆಚ್ಚು ಜಾಗ ಹಿಡಿಯುವ ವಸ್ತುಗಳ ಸಾಗಣೆ ವೆಚ್ಚವು ತೂಕಕ್ಕಿಂತ ಗಾತ್ರವನ್ನೇ ಅವಲಂಬಿಸಿರುತ್ತದೆ.

ಭಾರತದಲ್ಲಿನ ಕಾನೂನು ವ್ಯವಸ್ಥೆ

ಭಾರತದಲ್ಲಿ ವಾಣಿಜ್ಯ ಆಮದು ನಡೆಸಲು ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯವು ನೀಡುವ ಆಮದು-ರಫ್ತು ಸಂಕೇತ ಸಂಖ್ಯೆ ಅಗತ್ಯ. ಸರಕು ಬಂದಾಗ 1962ರ ಕಸ್ಟಮ್ಸ್ ಅಧಿನಿಯಮದಂತೆ ಪ್ರವೇಶ ಪತ್ರವನ್ನು ಸಲ್ಲಿಸಬೇಕು.

ಪ್ರಾಣಿಜನ್ಯ ಆಹಾರಕ್ಕೆ ಇದರ ಜೊತೆಗೆ 1898ರ ಜಾನುವಾರು ಆಮದು ಅಧಿನಿಯಮವೂ ಅನ್ವಯಿಸುತ್ತದೆ. ಮೂಲತಃ ಜೀವಂತ ಜಾನುವಾರುಗಳಿಗಾಗಿ ರಚಿಸಿದ್ದ ಈ ಕಾಯಿದೆಗೆ 2001ರಲ್ಲಿ ತಿದ್ದುಪಡಿ ತಂದು, ಪ್ರಾಣಿಜನ್ಯ ಸಾಕುಪ್ರಾಣಿ ಆಹಾರವೂ ಸೇರಿದಂತೆ ಜಾನುವಾರು ಉತ್ಪನ್ನಗಳನ್ನು ಅದರ ವ್ಯಾಪ್ತಿಗೆ ತರಲಾಯಿತು. ಇಂತಹ ಸರಕಿಗೆ ಕೇಂದ್ರ ಪಶುಸಂಗೋಪನೆ ಮತ್ತು ಹೈನುಗಾರಿಕೆ ಇಲಾಖೆಯ ನೈರ್ಮಲ್ಯ ಆಮದು ಪರವಾನಗಿಯನ್ನು ಮುಂಚಿತವಾಗಿ ಪಡೆಯಬೇಕು. ರಫ್ತು ಮಾಡುವ ದೇಶದ ಪಶುವೈದ್ಯಾಧಿಕಾರಿ ನೀಡಿದ ಆರೋಗ್ಯ ಪ್ರಮಾಣಪತ್ರವು ಸರಕಿನ ಜೊತೆಗಿರಬೇಕು. ಸರಕನ್ನು ಪ್ರಾಣಿ ಕ್ವಾರಂಟೈನ್ ಮತ್ತು ಪ್ರಮಾಣೀಕರಣ ಸೇವೆಯ ಕೇಂದ್ರವಿರುವ ನಿಗದಿತ ಬಂದರು ಅಥವಾ ವಿಮಾನ ನಿಲ್ದಾಣದ ಮೂಲಕವೇ ತರಬೇಕು. ದೆಹಲಿ, ಮುಂಬಯಿ, ಕೋಲ್ಕತ್ತ, ಚೆನ್ನೈ, ಹೈದರಾಬಾದ್ ಮತ್ತು ಬೆಂಗಳೂರುಗಳಲ್ಲಿ ಇಂತಹ ಕೇಂದ್ರಗಳಿವೆ. ಪರವಾನಗಿಯಿಲ್ಲದೆ ಬಂದ ಸರಕನ್ನು ಹಿಂದಿರುಗಿಸಬೇಕಾಗಬಹುದು ಅಥವಾ ನಾಶಪಡಿಸಬೇಕಾಗಬಹುದು.

2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಅಧಿನಿಯಮವು ಮಾನವ ಸೇವನೆಯ ಆಹಾರಕ್ಕೆ ಸಂಬಂಧಿಸಿದ್ದು. ಅದರ ವ್ಯಾಖ್ಯೆಯಿಂದ ಪ್ರಾಣಿಗಳ ಆಹಾರವನ್ನು ಹೊರಗಿಡಲಾಗಿದೆ. ಚಿಲ್ಲರೆ ಪ್ಯಾಕೆಟ್ಟುಗಳಿಗೆ 2011ರ ಕಾನೂನಾತ್ಮಕ ಮಾಪನಶಾಸ್ತ್ರ ನಿಯಮಗಳು ಅನ್ವಯಿಸುತ್ತವೆ. ಇವುಗಳ ಪ್ರಕಾರ ಆಮದುದಾರನ ಹೆಸರು ಮತ್ತು ವಿಳಾಸ, ಮೂಲ ದೇಶ, ನಿವ್ವಳ ಪ್ರಮಾಣ, ಗರಿಷ್ಠ ಚಿಲ್ಲರೆ ಬೆಲೆ ಹಾಗೂ ಗ್ರಾಹಕರು ದೂರು ಸಲ್ಲಿಸಬಹುದಾದ ಸಂಪರ್ಕ ವಿವರಗಳನ್ನು ಪ್ಯಾಕೆಟ್ಟಿನ ಮೇಲೆ ಮುದ್ರಿಸಬೇಕು.

ಸುಂಕ ಮತ್ತು ವೆಚ್ಚದ ಲೆಕ್ಕ

ಸುಂಕವನ್ನು ಸರಕಿನ ಬೆಲೆಯ ಮೇಲಷ್ಟೇ ಅಲ್ಲದೆ ವಿಮೆ ಮತ್ತು ಸಾಗಣೆ ವೆಚ್ಚವನ್ನೂ ಕೂಡಿಸಿದ ಮೌಲ್ಯದ ಮೇಲೆ ವಿಧಿಸಲಾಗುತ್ತದೆ. ಉದಾಹರಣೆಗೆ, ಈ ಮೌಲ್ಯ 1,00,000 ರೂಪಾಯಿ, ಮೂಲ ಸುಂಕ ಶೇ. 20, ಸಂಯೋಜಿತ ಸರಕು ಮತ್ತು ಸೇವಾ ತೆರಿಗೆ ಶೇ. 18 ಎಂದು ಭಾವಿಸಿದರೆ ಮೂಲ ಸುಂಕ 20,000 ರೂಪಾಯಿ ಆಗುತ್ತದೆ. ಆ ಸುಂಕದ ಮೇಲೆ ಶೇ. 10ರಷ್ಟು ಸಮಾಜ ಕಲ್ಯಾಣ ಮೇಲ್ತೆರಿಗೆ 2,000 ರೂಪಾಯಿ. ಒಟ್ಟು 1,22,000 ರೂಪಾಯಿಯ ಮೇಲೆ ಸಂಯೋಜಿತ ತೆರಿಗೆ 21,960 ರೂಪಾಯಿ. ಹೀಗೆ ಬಂದರಿನಿಂದ ಹೊರಬರುವ ವೇಳೆಗೆ ಸರಕಿನ ವೆಚ್ಚ 1,43,960 ರೂಪಾಯಿ ತಲಪುತ್ತದೆ. ನೋಂದಾಯಿತ ವರ್ತಕನು ಸಂಯೋಜಿತ ತೆರಿಗೆಯನ್ನು ಹೂಡುವಳಿ ತೆರಿಗೆ ಜಮೆಯಾಗಿ ಪಡೆಯಬಹುದು. ಮೂಲ ಸುಂಕ ಮತ್ತು ಮೇಲ್ತೆರಿಗೆಗೆ ಆ ಅವಕಾಶವಿಲ್ಲ. ದರಗಳು ಸರಕಿನ ವರ್ಗಕ್ಕೂ ಕಾಲಕ್ಕೂ ಅನುಗುಣವಾಗಿ ಬದಲಾಗುತ್ತವೆ.

ಬಂದರಿನ ಬಾಡಿಗೆ, ಪ್ರಯೋಗಾಲಯದ ಶುಲ್ಕ, ಒಳನಾಡು ಸಾಗಣೆ, ವಿದೇಶಿ ವಿನಿಮಯ ದರದ ಏರಿಳಿತ ಮತ್ತು ಹಾಳಾದ ಸರಕಿನ ನಷ್ಟ ಇದಕ್ಕೆ ಸೇರುತ್ತವೆ. ಆಹಾರ ಪದಾರ್ಥಗಳ ವಿಷಯದಲ್ಲಿ ಹಡಗಿನಲ್ಲಿಯೂ ತಪಾಸಣೆಯಲ್ಲಿಯೂ ಕಳೆದ ದಿನಗಳು ಮಾರಾಟದ ಅವಧಿಯನ್ನು ಕಡಿಮೆ ಮಾಡುತ್ತವೆ.

2007ರ ಮೆಲಮೈನ್ ಪ್ರಕರಣ

2007ರ ಮಾರ್ಚ್ 16ರಂದು ಕೆನಡಾದ ಮೆನು ಫುಡ್ಸ್ ಸಂಸ್ಥೆಯು ನಾಯಿ ಮತ್ತು ಬೆಕ್ಕುಗಳ ಸುಮಾರು 6 ಕೋಟಿ ಡಬ್ಬಿ ಮತ್ತು ಪೊಟ್ಟಣಗಳ ಆಹಾರವನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯುವುದಾಗಿ ಪ್ರಕಟಿಸಿತು. ಆ ಆಹಾರ ತಿಂದ ಪ್ರಾಣಿಗಳು ಮೂತ್ರಪಿಂಡ ವೈಫಲ್ಯದಿಂದ ಸಾಯತೊಡಗಿದ್ದವು. ಮಾರ್ಚ್ 30ರಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಆಹಾರದಲ್ಲಿ ಮೆಲಮೈನ್ ಪತ್ತೆಯಾಗಿರುವುದಾಗಿ ತಿಳಿಸಿತು. ಇದು ಪ್ಲಾಸ್ಟಿಕ್ ತಯಾರಿಕೆಯಲ್ಲಿ ಬಳಸುವ ರಾಸಾಯನಿಕ.

ಆಹಾರದಲ್ಲಿ ಬಳಸಿದ್ದ ಗೋಧಿ ಗ್ಲುಟೆನ್ ಚೀನಾದಿಂದ ಆಮದಾಗಿತ್ತು. ಪ್ರೋಟೀನಿನ ಪ್ರಮಾಣವನ್ನು ಅಳೆಯುವ ಪ್ರಚಲಿತ ಕೆಲ್‌ಡಾಲ್ ವಿಧಾನವು ವಾಸ್ತವವಾಗಿ ಅಳೆಯುವುದು ಪ್ರೋಟೀನನ್ನಲ್ಲ, ಸಾರಜನಕವನ್ನು. ಸಾಮಾನ್ಯ ಪ್ರೋಟೀನಿನಲ್ಲಿ ತೂಕದ ಸುಮಾರು ಶೇ. 16ರಷ್ಟು ಸಾರಜನಕವಿದ್ದರೆ, ಮೆಲಮೈನಿನಲ್ಲಿ ಅದು ಮೂರನೇ ಎರಡು ಭಾಗದಷ್ಟಿದೆ. ಆದ್ದರಿಂದ ಅಗ್ಗದ ಹಿಟ್ಟಿಗೆ ಸ್ವಲ್ಪ ಮೆಲಮೈನ್ ಬೆರೆಸಿದರೂ ಪರೀಕ್ಷೆಯಲ್ಲಿ ಅದು ಉತ್ತಮ ಪ್ರೋಟೀನಿನಂತೆ ತೋರುತ್ತದೆ. ಗ್ಲುಟೆನ್ ಎಂದು ಮಾರಲಾದ ವಸ್ತುವು ಗೋಧಿ ಹಿಟ್ಟೇ ಆಗಿತ್ತೆಂದು ಅನಂತರ ತಿಳಿದುಬಂದಿತು. ಮೆಲಮೈನ್ ಮತ್ತು ಸಯನ್ಯೂರಿಕ್ ಆಮ್ಲ ಸೇರಿ ಮೂತ್ರಪಿಂಡಗಳಲ್ಲಿ ಹರಳುಗಳಾಗಿ ಕಟ್ಟಿಕೊಳ್ಳುತ್ತಿದ್ದವು.

ಬೇರೆ ಬೇರೆ ಹೆಸರು ಮತ್ತು ಬೆಲೆಗಳಲ್ಲಿ ಮಾರಾಟವಾಗುತ್ತಿದ್ದ ಹತ್ತಾರು ಬ್ರ್ಯಾಂಡುಗಳು ಒಂದೇ ಸಂಸ್ಥೆಯ ಕಾರ್ಖಾನೆಗಳಲ್ಲಿ ತಯಾರಾಗುತ್ತಿದ್ದವು ಎಂಬುದು ಈ ಪ್ರಕರಣದಿಂದ ಬೆಳಕಿಗೆ ಬಂದಿತು. ಗ್ಲುಟೆನ್ ತರಿಸಿದ್ದ ಅಮೆರಿಕದ ಆಮದು ಸಂಸ್ಥೆಯಾದ ಕೆಮ್‌ನ್ಯೂಟ್ರಾ ಮತ್ತು ಅದರ ಮಾಲೀಕರ ವಿರುದ್ಧ 2008ರಲ್ಲಿ ಮೊಕದ್ದಮೆ ಹೂಡಲಾಯಿತು. 2009ರಲ್ಲಿ ಅವರು ಲಘು ಅಪರಾಧಗಳನ್ನು ಒಪ್ಪಿಕೊಂಡರು. ಪ್ರಾಣಿಗಳ ಮಾಲೀಕರಿಗೆ ಪರಿಹಾರ ನೀಡಲು 2.4 ಕೋಟಿ ಡಾಲರುಗಳ ಒಪ್ಪಂದವಾಯಿತು. 2008ರಲ್ಲಿ ಇದೇ ಕಲಬೆರಕೆ ಚೀನಾದ ಶಿಶು ಹಾಲಿನಪುಡಿಯಲ್ಲಿ ಕಂಡುಬಂದು, ಆರು ಶಿಶುಗಳು ಮೃತಪಟ್ಟು ಸುಮಾರು ಮೂರು ಲಕ್ಷ ಮಕ್ಕಳು ಅಸ್ವಸ್ಥರಾದರು. ಸಾಕುಪ್ರಾಣಿಗಳ ಆಹಾರದಲ್ಲಿ ಕಂಡ ದೋಷವು ಮಾನವ ಆಹಾರಕ್ಕೂ ಮುನ್ಸೂಚನೆಯಾಗಬಲ್ಲದು ಎಂಬುದು ಇದರಿಂದ ಸ್ಪಷ್ಟವಾಯಿತು.

ಅಮೆರಿಕದಲ್ಲಿ 2011ರ ಆಹಾರ ಸುರಕ್ಷತಾ ಆಧುನೀಕರಣ ಕಾಯಿದೆಯು, ವಿದೇಶಿ ಪೂರೈಕೆದಾರನು ಸುರಕ್ಷತಾ ನಿಯಮಗಳನ್ನು ಪಾಲಿಸುತ್ತಿದ್ದಾನೆಯೇ ಎಂದು ಪರಿಶೀಲಿಸುವ ಕರ್ತವ್ಯವನ್ನು ಆಮದುದಾರನಿಗೇ ವಹಿಸಿತು. ಈ ನಿಯಮ ಪ್ರಾಣಿಗಳ ಆಹಾರಕ್ಕೂ ಅನ್ವಯಿಸುತ್ತದೆ.

ಆಮದುದಾರನ ಹೊಣೆಗಾರಿಕೆ

ಭಾರತದ 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದಲ್ಲಿ ಉತ್ಪನ್ನ ಮಾರಾಟಗಾರ ಎಂಬ ಪದದ ವ್ಯಾಖ್ಯೆಗೆ ಆಮದುದಾರನೂ ಸೇರುತ್ತಾನೆ. ಸಾಮಾನ್ಯವಾಗಿ ಉತ್ಪನ್ನದ ದೋಷಕ್ಕೆ ತಯಾರಕನು ಹೊಣೆ. ಆದರೆ ತಯಾರಕನು ಯಾರೆಂದು ತಿಳಿಯದಿದ್ದರೆ, ಅವನಿಗೆ ನೋಟಿಸು ಜಾರಿ ಮಾಡಲಾಗದಿದ್ದರೆ, ಅಥವಾ ಅವನು ಭಾರತದ ಕಾನೂನಿಗೆ ಒಳಪಡದಿದ್ದರೆ, 86ನೆಯ ಕಲಮಿನಂತೆ ತಯಾರಕನಲ್ಲದ ಮಾರಾಟಗಾರನನ್ನೂ ಹೊಣೆಯಾಗಿಸಬಹುದು. ವಿದೇಶಿ ಕಾರ್ಖಾನೆಯ ಸರಕಿನಲ್ಲಿ ಇಂತಹ ಸಂದರ್ಭ ಉಂಟಾಗುವ ಸಾಧ್ಯತೆ ಹೆಚ್ಚು.

ಈ ಕಾರಣದಿಂದ ಪ್ರತಿ ತಂಡದ ಸಂಖ್ಯೆ, ತಯಾರಿಕೆಯ ದಿನಾಂಕ ಮತ್ತು ಅದು ಯಾವ ಅಂಗಡಿಗೆ ಹೋಯಿತು ಎಂಬ ವಿವರಗಳನ್ನು ದಾಖಲಿಸಿಡುವುದು, ಪ್ರತಿ ತಂಡದಿಂದ ಮಾದರಿಯೊಂದನ್ನು ಕಾದಿರಿಸುವುದು ಮತ್ತು ತಯಾರಕನ ಪ್ರಮಾಣಪತ್ರವನ್ನಷ್ಟೇ ನಂಬದೆ ಸ್ವತಂತ್ರ ಪ್ರಯೋಗಾಲಯದಲ್ಲಿ ಪರೀಕ್ಷಿಸುವುದು ಈ ವ್ಯಾಪಾರದ ಉತ್ತಮ ಪದ್ಧತಿಗಳೆನಿಸಿವೆ. ದೋಷ ಕಂಡುಬಂದಾಗ ಸಂಬಂಧಪಟ್ಟ ತಂಡವನ್ನು ಮಾತ್ರ ಗುರುತಿಸಿ ಶೀಘ್ರವಾಗಿ ಹಿಂಪಡೆಯಲು ಇಂತಹ ದಾಖಲೆಗಳು ನೆರವಾಗುತ್ತವೆ.